ರಂಜಾನಿನ ಹೊಲಿಗೆ, ಇವರ ನಿದ್ದೆ

ಇವತ್ತು ಆದ ಕೆಲಸಗಳು: ನಸುಕಿನ ಸಹರಿ ಊಟಕ್ಕೆ ಎದ್ದು, ನಿನ್ನೆಯ ಖಡಕ್ ರೊಟ್ಟಿಯನ್ನು ಸಪ್ಪಳವಾಗದಂತೆ ಮುರಿದು ಹಾಲಿನಲ್ಲಿ ನೆನೆಯಿಟ್ಟೆ. ನಾನೂ ಅತ್ತೆಯೂ ಉಂಡು ಹಗಲಿನ ಉಪವಾಸ, ರೋಜಾ, ಹಿಡಿದೆವು. ನಳ ಬಂತು, ಕೊಡ ತುಂಬಿಸಿದೆ. ಬೆಳಕು ಹರಿದ ಮೇಲೆ ಇವರು ಎದ್ದರು. ಉಪ್ಪಿಟ್ಟು ಕೊಟ್ಟೆ, ಮಾತ್ರೆ ಕೊಟ್ಟೆ, ನುಂಗಿದ್ದನ್ನು ನೋಡಿ ಇನ್ನೊಂದು ತಂಬಿಗೆ ನೀರು ಇಟ್ಟೆ. ಅಂಗಡಿ ಗುಡಿಸಿ ಚಿಂದಿಯನ್ನು ಚೀಲಕ್ಕೆ ತುಂಬಿದೆ. ಜುಬ್ಬಾಗಳಿಗೆ ಕಾಜಾ ಮಾಡಿದೆ, ಗುಂಡಿ ಹಚ್ಚಿದೆ. ಹಬ್ಬದ ಶ್ಯಾವಿಗೆಯನ್ನು ಬಿಸಿಲಿಗೆ ಹಾಕಿ ಗುಬ್ಬಿ ಕಾಯ್ದೆ. ಬಸ್ ಸ್ಟ್ಯಾಂಡಿನ ಅಜ್ಜಿಗೆ ಬುತ್ತಿ ಕಟ್ಟಿದೆ. ಬೀಗರ ಎದುರಿಗೆ ಗಂಡನ ಮಾತು ತುಂಡರಿಸಿದೆ. ದೀಪ ಹಚ್ಚುವ ಮೊದಲೇ ಅಂಗಡಿಯ ಶಟರ್ ಎಳೆದೆ.

ಕೊನೆಯ ಎರಡನ್ನು ಬಿಟ್ಟರೆ ಉಳಿದದ್ದೆಲ್ಲ ಯಾರ ಮನೆಯಲ್ಲಾದರೂ ಆಗುವ ಕೆಲಸವೇ. ಆ ಎರಡು ಯಾಕೆ ಆದವು ಅನ್ನುವುದಕ್ಕೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ನಮ್ಮ ಊರು ಮೊರಬ. ಇವರು ಟೇಲರ್, ಊರವರ ಬಾಯಲ್ಲಿ ಮಾಸ್ತರ. ಮನೆಯ ಮುಂದಿನ ಕೋಣೆಯೇ ಅಂಗಡಿ. ತಗಡಿನ ಚಾವಣಿ, ಎರಡು ಮಶೀನು, ಕತ್ತರಿಸುವ ಮೇಜು. ಮಗಳನ್ನು ಅಣ್ಣಿಗೇರಿಗೆ ಕೊಟ್ಟಿದ್ದೇವೆ. ಈಗ ಮನೆಯಲ್ಲಿರುವುದು ನಾನು, ಇವರು, ಇವರ ತಾಯಿ. ನಮ್ಮ ಮನೆಯಲ್ಲಿ ಉರ್ದು ಕನ್ನಡ ಎರಡೂ ಒಂದೇ ತಾಟಿನಲ್ಲಿ ಕಲೆಸಿದ ಹಾಗೆ. ನಾನು ಕಲಿತದ್ದು ಕನ್ನಡ ಶಾಲೆ, ಅದರಲ್ಲೇ ಬರೆಯುತ್ತೇನೆ.

ಟೇಲರ್ ಮನೆಯಲ್ಲಿ ವರ್ಷ ಅಂದರೆ ರಂಜಾನ್. ಉಳಿದ ತಿಂಗಳು ಹರಿದ ಪ್ಯಾಂಟು, ಬ್ಲೌಸು, ಶಾಲೆಯ ಚಡ್ಡಿ. ರಂಜಾನ್ ಬಂತೆಂದರೆ ಓಣಿಯಲ್ಲಿರುವ ಗಂಡಸರಿಗೆಲ್ಲ ಹೊಸ ಜುಬ್ಬಾ ಪೈಜಾಮ ಬೇಕು, ಅದೂ ಕೊನೆಯ ವಾರದಲ್ಲಿ ನೆನಪಾಗಬೇಕು. ಹಬ್ಬದ ಹಿಂದಿನ ರಾತ್ರಿಗಳಲ್ಲಿ ಯಾವ ಊರಿನ ಯಾವ ಟೇಲರ್ ಮಲಗುತ್ತಾನೆ? ನಾನು ಮದುವೆಯಾಗಿ ಬಂದ ವರ್ಷವೇ ನೋಡಿದೆ, ಇವರು ದಿನಗಟ್ಟಲೆ ಕಣ್ಣು ಮುಚ್ಚದೆ ಮಶೀನು ತುಳಿದರು. ಹಾಡುತ್ತಿದ್ದರು, ಬಂದವರಿಗೆಲ್ಲ ಚಹಾ ತರಿಸುತ್ತಿದ್ದರು, ಮೂವರ ಜೊತೆ ಮೂರು ಮಾತು ಆಡುತ್ತ ಕಾಲರ್ ಕತ್ತರಿಸುತ್ತಿದ್ದರು. ಅತ್ತೆ ಹೆಮ್ಮೆಯಿಂದ ಹೇಳುತ್ತಿದ್ದರು: "ನೋಡವಾ, ರಂಜಾನ್ ಬರ್ಕತ್ ಅಂದ್ರ ಇದು. ನನ್ನ ಮಗನ ಕಾಲಾಗ ದೇವ್ರು ಕುಂತಾನ."

ಹಬ್ಬ ಮುಗಿಯುತ್ತಿದ್ದ ಹಾಗೆ ಇವರು ಹಾಸಿಗೆ ಹಿಡಿಯುತ್ತಿದ್ದರು. ಗೋಡೆಯ ಕಡೆ ಮುಖ. ಸ್ನಾನ ಬೇಡ, ಊಟ ಬೇಡ. ಕತ್ತರಿ ಎತ್ತಿದರೆ ಕೈ ಸೋಲುತ್ತದೆ ಅನ್ನುತ್ತಿದ್ದರು. ದಣಿದಿದ್ದಾರೆ ಅಂದುಕೊಂಡೆವು. ಅದರಲ್ಲೂ ಕೆಲವು ವರ್ಷ ರಂಜಾನ್ ಬೇಸಿಗೆಯ ಕೊನೆಗೆ ಬರುತ್ತಿತ್ತು. ಹಬ್ಬ ಆಯಿತೆಂದರೆ ಮಳೆ, ಮಳೆ ಬಿತ್ತೆಂದರೆ ಎರೆಹೊಲದಲ್ಲಿ ಬಿತ್ತಿಗೆ. ಬಿತ್ತುವ ಹೊತ್ತಿಗೆ ಯಾರು ಬಟ್ಟೆ ಹೊಲಿಸುತ್ತಾರೆ? ಅಂಗಡಿಗೆ ಹೇಗೂ ಗಿರಾಕಿ ಇಲ್ಲ, ಮಾಸ್ತರು ಮಲಗಿದರೆ ಮಲಗಲಿ. ಶಕ್ತಿಗೆಂದು ಟಾನಿಕ್ ಕುಡಿಸಿದೆ, ಕೋಳಿ ಸಾರು ಮಾಡಿ ಹಾಕಿದೆ. ದರ್ಗಾಕ್ಕೆ ಹೋಗಿ ತಾಯತ ತಂದು ಕಟ್ಟಿದೆ. ಒಂದು ಮಧ್ಯಾಹ್ನ, ಗೋಡೆಯ ಕಡೆಗೇ ಮುಖ ಮಾಡಿ, "ನಾ ಇಲ್ಲಂದ್ರ ನಿಮಗೆಲ್ಲ ಹಗುರ ಆಗತೈತಿ ನೋಡು," ಅಂದರು. ಎದ್ದು ಹೋಗಿ ಹತ್ತಿರ ಕೂತೆ, ಸಂಜೆಯವರೆಗೆ ಏಳಲಿಲ್ಲ. ಆ ಮಾತನ್ನು ಯಾರಿಗೆ ಹೇಳಬೇಕು ಅನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಹೀಗೆ ರೋಗ ನಮ್ಮ ಕಸುಬಿನ ಅಂಗಿಯನ್ನೇ ತೊಟ್ಟುಕೊಂಡು ನಮ್ಮ ಮನೆಯಲ್ಲೇ ಓಡಾಡಿಕೊಂಡಿತ್ತು. ರೈತನ ಮನೆಯಲ್ಲೋ ಶಾಲೆಯ ಮಾಸ್ತರರ ಮನೆಯಲ್ಲೋ ಆಗಿದ್ದರೆ ಮೊದಲ ವರ್ಷವೇ ಯಾರಾದರೂ ಏನಿದು ಅನ್ನುತ್ತಿದ್ದರು. ನಮ್ಮಲ್ಲಿ ಎಲ್ಲರೂ ಶಹಬ್ಬಾಸ್ ಅಂದರು.

ಆಮೇಲೆ ಒಂದು ವರ್ಷ ಅದು ಅಂಗಿ ಹರಿದುಕೊಂಡು ಹೊರಗೆ ಬಂತು. ಹಬ್ಬದ ಹಿಂದಿನ ದಿನ ಗಿರಾಕಿಗಳು ಜುಬ್ಬಾ ಒಯ್ಯಲು ಬಂದರು. ಹಿಟ್ಟಿನ ಗಿರಣಿಯ ಕಾಕಾ ಮೊದಲು ಹಾಕಿ ನೋಡಿದರು. ಅವರದು ಭಾರಿ ಮೈ. ಜುಬ್ಬಾ ಭುಜದಲ್ಲೇ ಸಿಕ್ಕಿಕೊಂಡಿತು, ಕೈ ಮೇಲೆ ಮಾಡಿಕೊಂಡು ನಿಂತುಬಿಟ್ಟರು. "ಮಾಸ್ತರ, ಇದು ಜುಬ್ಬಾನೋ ಗೊಬ್ಬರದ ಚೀಲೋ? ತೆಗೀರಿ ಮೊದಲು, ಉಸರು ನಿಂತೈತಿ!" ಅವರ ಹಿಂದೆ ಬಂದ ಬಡಕಲು ಹುಡುಗನದು ನೆಲ ಗುಡಿಸುತ್ತಿತ್ತು. "ಇದರಾಗ ನಾನೂ ನಮ್ಮ ದೋಸ್ತನೂ ಇಬ್ಬರೂ ಹೋಗ್ತೀವಿ ಲೇ," ಅಂದ. ಎಲ್ಲರೂ ನಕ್ಕರು. ಆಮೇಲೆ ಒಬ್ಬೊಬ್ಬರದೇ ಬಿಚ್ಚಿ ನೋಡಿದರೆ, ಅಷ್ಟೂ ಜುಬ್ಬಾ ಒಂದೇ ಅಳತೆ.

ಇವರು ಕತ್ತರಿಸುವ ಮೇಜಿನ ಮೇಲೆ ಹತ್ತಿ ನಿಂತರು. ಕಣ್ಣು ಹೊಳೆಯುತ್ತಿದ್ದವು. "ದೇವರ ಮುಂದ ನಮಾಜಿಗೆ ನಿಂತಾಗ ದಪ್ಪ ಏನು, ತೆಳ್ಳಗ ಏನು? ಎಲ್ಲಾರೂ ಒಂದ ಅಳತಿ! ಇನ್ನ ಮ್ಯಾಲೆ ಇಡೀ ತಾಲೂಕಿಗೆ ನಾ ಒಂದ ಅಳತಿಯೊಳಗ ಹೊಲಿತೀನಿ!" ಆ ಜುಬ್ಬಾ ಸರಿಯಾಗಿ ಬರುತ್ತಿದ್ದುದು ಒಬ್ಬರಿಗೇ, ಇವರಿಗೆ. ಇವರದೇ ಅಳತೆ ಅದು.

ನಗು ನಿಂತಿತು. ಯಾರೋ ಬಾಯಿ ಮಾಡಿದರು, ಇವರು ಎರಡು ಪಟ್ಟು ಬಾಯಿ ಮಾಡಿದರು. ಬಾಗಿಲಲ್ಲಿ ನಿಂತ ಒಬ್ಬ ಅಂದ: "ಏ, ಇವನ್ನ ಧಾರವಾಡಕ್ಕ ಕಳಸ್ರಿ ಮೊದಲ."

ನಮ್ಮ ಕಡೆ ಅದು ಬೈಗುಳ. ಧಾರವಾಡ ಅಂದರೆ ಮಂದಿಗೆ ಪೇಢೆಯೂ ನೆನಪಾಗುತ್ತದೆ, ಹುಚ್ಚಾಸ್ಪತ್ರೆಯೂ ನೆನಪಾಗುತ್ತದೆ. ಹೇಳುವ ದನಿಯ ಮೇಲೆ ಯಾವುದು ಅಂತ ತಿಳಿಯುತ್ತದೆ. ಅತ್ತೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡರು. ನಮ್ಮ ಬಾಜೂಮನೆಯಲ್ಲಿ ಒಬ್ಬರು ಅಕ್ಕಾರು ಇದ್ದಾರೆ, ನಿವೃತ್ತಿಯಾದ ಶಾಲೆಯ ಟೀಚರು. ಗದ್ದಲ ಕೇಳಿ ಬಂದವರು ಆ ಮಾತಿಗೆ ತಿರುಗಿ ನಿಂತರು. "ಹೌದಪಾ, ಧಾರವಾಡಕ್ಕ ಹೋಗೂಣು. ಅದನ್ಯಾಕ ಬೈದಂಗ ಹೇಳ್ತಿ? ತಾಸಿಗೊಂದು ಬಸ್ ಅದಾವು. ಜ್ವರ ಬಂದ್ರ ದವಾಖಾನಿಗೆ ಹೋಗ್ತೀಯೋ ಇಲ್ಲೋ?" ನನ್ನ ಕಡೆ ನೋಡಿ, "ನೀ ಸೀರಿ ಉಟ್ಕೋ, ನಾನೂ ಬರ್ತೀನಿ," ಅಂದರು.

ಆ ದಿನ ಅವರು ಬರದೇ ಇದ್ದಿದ್ದರೆ ನಾನು ಒಬ್ಬಳೇ ಹೋಗುತ್ತಿದ್ದೆನೋ ಇಲ್ಲವೋ, ಹೇಳಲಾರೆ.

ಆಸ್ಪತ್ರೆಯಲ್ಲಿ ಒಬ್ಬ ಹೆಣ್ಣುಮಗಳು ಡಾಕ್ಟರು ನಮ್ಮನ್ನು ಕೂರಿಸಿಕೊಂಡು ನಿಧಾನಕ್ಕೆ ಕೇಳಿದರು. ಹಿಂದೆ ಯಾವಾಗಾದರೂ ಹೀಗಾಗಿತ್ತೇ? ಇಲ್ಲ ಅಂದೆ. ನಿದ್ದೆ ಇಲ್ಲದೆ ಇದ್ದ ದಿನಗಳು?

"ಅದು ಪ್ರತಿ ರಂಜಾನ್ದಾಗೂ ಇರತೈತ್ರಿ. ಟೇಲರ್ ಅಂದಮ್ಯಾಲೆ ಇದ್ದದ್ದ."

"ನಿದ್ದಿಗೆಟ್ಟ ಮರುದಿನ ದಣಿವಾಗ್ತಿತ್ತೇನು?"

"ಇಲ್ರಿ, ಇನ್ನೂ ಜೋರಾಗ್ತಿದ್ರು."

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. "ಎಲ್ಲ ಟೇಲರ್‌ಗೂ ನಿದ್ದಿ ಕೆಟ್ಟರ ಮರುದಿನ ಕಣ್ಣು ಎಳೀತಾವ. ಇವರಿಗೆ ಎಳೀತಿರಲಿಲ್ಲ. ಹಂಗಾದ್ರ ಇದು ಈ ವರ್ಷದ್ದಲ್ಲ."

ಆ ಒಂದು ಮಾತಿಗೆ ನನ್ನ ಇಡೀ ಸಂಸಾರ ಬೇರೆ ಬೆಳಕಿನಲ್ಲಿ ಕಂಡಿತು. ಅತ್ತೆಯ ಬರ್ಕತ್ತು, ನನ್ನ ಟಾನಿಕ್ಕು, ಆ ಗೋಡೆ ಕಡೆಯ ಮುಖ ಎಲ್ಲ ಒಂದೇ ದಾರದಲ್ಲಿ ಪೋಣಿಸಿಕೊಂಡವು. ಇವರು ಹಿಂದೊಂದು ಮಧ್ಯಾಹ್ನ ಅಂದಿದ್ದ ಆ ಮಾತನ್ನು ಅಲ್ಲಿ ಹೇಳಿದೆ, ಅಂದ ಹಾಗೆಯೇ. ಡಾಕ್ಟರು ಅದನ್ನು ಬಹಳ ಗಂಭೀರವಾಗಿ ತೆಗೆದುಕೊಂಡರು. ಇಂಥ ಮಾತು ಮತ್ತೆ ಬಂದರೆ ಒಂದು ದಿನವೂ ಕಾಯಬಾರದು, ಕರೆದುಕೊಂಡು ಬರಬೇಕು ಅಂದರು. ರೋಗಕ್ಕೆ ಬೈಪೋಲಾರ್ ಅನ್ನುತ್ತಾರೆ, ಮನಸ್ಸು ಒಮ್ಮೆ ಮಿತಿ ಮೀರಿ ಏರುತ್ತದೆ, ಒಮ್ಮೆ ಮಿತಿ ಮೀರಿ ಇಳಿಯುತ್ತದೆ. ಯಾರ ಪಾಪವೂ ಅಲ್ಲ, ಯಾರೋ ಮಾಟ ಮಾಡಿಸಿದ್ದೂ ಅಲ್ಲ. ಬಿಪಿ, ಸಕ್ಕರೆ ಕಾಯಿಲೆಯಂತೆ ಮಾತ್ರೆ ತೆಗೆದುಕೊಂಡು ಹತೋಟಿಯಲ್ಲಿ ಇಟ್ಟುಕೊಳ್ಳಬೇಕಾದ ರೋಗ. ಇಷ್ಟನ್ನು ಇವರಿಗೂ ನನಗೂ ಬೇರೆ ಬೇರೆ ಕೂರಿಸಿ ಹೇಳಿದರು. ಕೆಲವು ವಾರ ಇವರು ಅಲ್ಲೇ ಇದ್ದರು. ಬರುವಾಗ ತೋಳಲ್ಲಿ ತಾಯತ ಇತ್ತು, ಚೀಲದಲ್ಲಿ ಲಿಥಿಯಂ ಮಾತ್ರೆ ಇದ್ದವು. ಇವತ್ತಿಗೂ ಎರಡೂ ಇವೆ, ಒಂದಕ್ಕೊಂದು ಜಗಳ ಆಡಿಲ್ಲ.

ಮಾತ್ರೆ ಕೆಲಸ ಮಾಡಿತು. ಅದೇ ತೊಡಕೂ ಆಯಿತು. ಚೆನ್ನಾಗಿದ್ದೇನಲ್ಲ, ಇನ್ನೇಕೆ ಅನ್ನುವುದು ಇವರ ವಾದ. ಚೆನ್ನಾಗಿರುವುದೇ ಅದರಿಂದ ಅನ್ನುವುದು ನನ್ನದು. ಆ ಜಗಳವನ್ನು ಎಷ್ಟು ಸಲ ಆಡಿದ್ದೇವೆ ಅಂದರೆ, ಈಗ ಅರ್ಧಕ್ಕೆ ಬಿಟ್ಟರೂ ಉಳಿದರ್ಧ ಇಬ್ಬರಿಗೂ ಬಾಯಿಪಾಠ.

ಮರುವರ್ಷದ ರಂಜಾನ್ ಬಂತು. ಇವರು ರೋಜಾ ಹಿಡಿಯುತ್ತೇನೆ ಅಂದರು. ಚಿಕ್ಕ ಹುಡುಗನಿದ್ದಾಗಿನಿಂದ ಬಿಟ್ಟವರಲ್ಲ. ಅತ್ತೆಯೂ ಸೈ ಅಂದರು. ತಾಯಿ ಮಗ ಕೂಡಿ ಒಂದು ಹಂಚಿಕೆ ಹಾಕಿದರು: ಬೆಳಗಿನ ಮಾತ್ರೆ ಸಹರಿಗೆ, ರಾತ್ರಿಯದು ಇಫ್ತಾರಿಗೆ ರೋಜಾ ಬಿಟ್ಟ ಮೇಲೆ. ಮಾತ್ರೆ ಒಂದೂ ತಪ್ಪುವುದಿಲ್ಲವಲ್ಲ! ನನಗೂ ಅದು ಸರಿಯೇ ಅನ್ನಿಸಿತು. ಡಾಕ್ಟರು ಮಾತ್ರೆ ತಪ್ಪಿಸಬೇಡಿ ಅಂದಿದ್ದರು, ನಾವು ತಪ್ಪಿಸಲಿಲ್ಲ. ನೀರಿನ ವಿಷಯ ಅವರು ಹೇಳಿದ್ದು ಮೂವರ ತಲೆಯಲ್ಲೂ ನಿಂತಿರಲಿಲ್ಲ.

ಬೇಸಿಗೆ. ತಗಡಿನ ಕೆಳಗೆ ಇಸ್ತ್ರಿ ಪೆಟ್ಟಿಗೆಯ ಕಾವು, ಹಗಲೆಲ್ಲ ಹನಿ ನೀರಿಲ್ಲ. ಮೊದಲ ವಾರದ ಕೊನೆಗೆ ಇವರಿಗೆ ಸೂಜಿಗೆ ದಾರ ಪೋಣಿಸಲು ಬರಲಿಲ್ಲ, ಕೈ ಅಷ್ಟು ನಡುಗುತ್ತಿತ್ತು. ಹೊಟ್ಟೆ ಕೆಟ್ಟಿತು. ನಡೆದರೆ ಕಾಲು ಓಲಾಡುತ್ತಿತ್ತು. "ಉಪಾಸದ ಪಿತ್ತ," ಅಂದರು ಅತ್ತೆ. ಮಾತು ತೊದಲಿದಾಗ ನಾನು ಯಾರ ಮಾತನ್ನೂ ಕೇಳಲಿಲ್ಲ. ಬಾಡಿಗೆಗೆ ಟ್ರ್ಯಾಕ್ಸ್ ಗಾಡಿ ಮಾಡಿಸಿಕೊಂಡು ಧಾರವಾಡಕ್ಕೆ ಒಯ್ದೆ, ಅತ್ತೆಯೂ ಹತ್ತಿದರು.

ರಕ್ತ ತೆಗೆದು ನೋಡಿದರೆ ಮಾತ್ರೆಯ ಅಂಶ ಏರಿ ಕೂತಿತ್ತು. ಸಲೈನ್ ಹಚ್ಚಿದರು. ಸುಧಾರಿಸಿದ ಮೇಲೆ ಡಾಕ್ಟರು ನನ್ನನ್ನು ಬಿಟ್ಟು ಅತ್ತೆಯನ್ನು ಕೇಳಿದರು. "ಅಮ್ಮಾ, ಸಾರು ಒಲಿ ಮ್ಯಾಲೆ ಇಟ್ಟೀರಿ. ಉಪ್ಪು ಬರೋಬ್ಬರಿ ಹಾಕೀರಿ. ನೀರು ಹಿಂಗಿ ಅರ್ಧ ಆತು. ಏನಾಗತೈತಿ?"

"ಬಾಯಿಗಿಡಾಕ ಬರಂಗಿಲ್ಲ, ಅಷ್ಟು ಉಪ್ಪಾಗತೈತಿ."

"ನಿಮ್ಮ ಮಗನ ರಕ್ತದಾಗ ಆದದ್ದು ಅದ. ಮಾತ್ರೆ ಅಷ್ಟ ಇತ್ತು, ನೀರು ಹಿಂಗಿತು."

ಅತ್ತೆ ಊರಿಗೆ ಬಂದವರೇ, ನನಗೂ ಹೇಳದೆ ಮಸೀದಿಯ ಮೌಲ್ವಿ ಹಜರತರನ್ನು ಕೇಳಿಕೊಂಡು ಬಂದರು. ಜಡ್ಡಿನವರಿಗೆ ರೋಜಾದಿಂದ ಮಾಫಿ ಇದೆ, ವಾಸಿಯಾಗುವಂಥ ಜಡ್ಡಲ್ಲದಿದ್ದರೆ ಒಂದೊಂದು ರೋಜಾಕ್ಕೆ ಒಬ್ಬ ಬಡವರಿಗೆ ಹೊಟ್ಟೆ ತುಂಬ ಊಟ ಹಾಕಬೇಕು ಅಂತ ಹೇಳಿದರಂತೆ. ಬಸ್ ಸ್ಟ್ಯಾಂಡಿನ ಅಜ್ಜಿಗೆ ಇವರು ದಿನಾ ಒಯ್ಯುವ ಬುತ್ತಿ ಅದೇ. ಮಗನಿಗೆ ರೋಜಾ ಹಿಡಿಸಿದ ಅತ್ತೆಯೇ ಈಗ ತಂಬಿಗೆ ಹಿಡಿದು ಹಿಂದೆ ಬೀಳುತ್ತಾರೆ. ತಾವು ಮಾತ್ರ ಬಾಯಿ ಒಣಗಿಸಿಕೊಂಡು, "ಕುಡಿ ಲೇ, ಇನ್ನೊಂದು ಗುಟುಕು ಕುಡಿ," ಅನ್ನುತ್ತಾರೆ.

"ಸಾಕ್ ಬೇ ಅಮ್ಮಾ, ಹೊಟ್ಟಿ ಕೆರಿ ಆಗೈತಿ. ಇನ್ನ ಎಮ್ಮಿ ತಂದು ಬಿಡು."

ಹಗಲು ನೀರು ಕುಡಿಯುವುದನ್ನು ಗಿರಾಕಿಗಳು ನೋಡುತ್ತಾರೆ. ಮೊದಮೊದಲು ಇವರು ಒಳಗೆ ಬಂದು ಪರದೆಯ ಹಿಂದೆ ಕುಡಿಯುತ್ತಿದ್ದರು. ಈ ವರ್ಷ ಒಬ್ಬರು ಕೇಳಿಯೇ ಬಿಟ್ಟರು, "ಏನ್ ಮಾಸ್ತರ, ರೋಜಾ ಇಲ್ಲೇನ್ರಿ?" ಇವರು ತಂಬಿಗೆ ಕೆಳಗಿಡದೆ, "ಐತ್ರೀ. ಡಾಕ್ಟರು ನನಗ ನೀರು ಕುಡಿಯೂ ರೋಜಾ ಹಾಕ್ಯಾರ. ನಿಮ್ಮದಕ್ಕಿಂತ ಬಿರುಸು ಐತಿ, ದಿನಕ್ಕ ಹತ್ತು ಸಲ ಹೊರಗ ಹೋಗಬೇಕು," ಅಂದರು. ಒಳಗೆ ಕಾಜಾ ಮಾಡುತ್ತಿದ್ದ ನಾನು ಸೂಜಿ ಚುಚ್ಚಿಕೊಂಡೆ, ನಗು ಬಂದು.

ನೀರಿನದು ಹಾಗೆ ದಾರಿಗೆ ಬಂತು. ಉಳಿದದ್ದು ನಿದ್ದೆ. ಎಲ್ಲಕ್ಕಿಂತ ಕಷ್ಟದ್ದು ಅದು, ಯಾಕೆಂದರೆ ಅದರ ವೈರಿ ನಮ್ಮ ಅನ್ನವೇ. ನಿದ್ದೆ ಕೆಟ್ಟರೆ ಮನಸ್ಸು ಏರುತ್ತದೆ, ಮನಸ್ಸು ಏರಿದರೆ ನಿದ್ದೆ ಇನ್ನೂ ಕೆಡುತ್ತದೆ ಎಂದು ಡಾಕ್ಟರು ಹೇಳಿದ್ದರು. ಅಂಗಡಿ ಮುಚ್ಚುವುದೊಂದೇ ದಾರಿಯೇ ಅಂತ ಇವರು ಕೇಳಿದ್ದಕ್ಕೆ, ಅಂಗಡಿ ಯಾಕೆ ಮುಚ್ಚುತ್ತೀರಿ, ರಾತ್ರಿ ಮುಚ್ಚಿ ಅಂದಿದ್ದರು.

ಅದನ್ನು ನಾನು ಗಟ್ಟಿಯಾಗಿ ಹಿಡಿದೆ. ಈಗ ನಮ್ಮ ಹಬ್ಬದ ಹೊಲಿಗೆ ರಂಜಾನಿಗೆ ಶುರುವಾಗುವುದಿಲ್ಲ, ಅದಕ್ಕೂ ಎರಡು ವಾರ ಮುಂಚೆ, ಶಬೇ ಬರಾತ್ ಕಳೆದ ಮರುದಿನ ಶುರು. ಮನೆ ಮನೆಗೆ ಹೋಗಿ ಹೇಳಿ ಬಂದೆ. "ಇಷ್ಟ ಲಗೂ ಯಾರ್ ಹೊಲಸ್ತಾರವಾ? ಹಬ್ಬ ಬರೂದ್ರಾಗ ನನ್ನ ಹೊಟ್ಟಿ ಇನ್ನೊಂದು ಇಂಚು ಬೆಳೀತೈತಿ," ಅಂದರು ಗಿರಣಿ ಕಾಕಾ. "ರಂಜಾನ್ದಾಗ ಇಳೀತೈತಿ ಬಿಡ್ರಿ ಕಾಕಾ, ಬರೋಬ್ಬರಿ ಆಗತೈತಿ," ಅಂದೆ. ಬಂದು ಅಳತೆ ಕೊಟ್ಟರು. ಅರ್ಧ ರಂಜಾನಿಗೆ ಆರ್ಡರ್ ಬಂದ್. ದೀಪ ಹಚ್ಚುವ ಹೊತ್ತಿಗೆ ಶಟರ್ ಕೆಳಗೆ. ಗಿರಾಕಿ ಕೆಲವರು ನವಲಗುಂದಕ್ಕೆ, ಹುಬ್ಬಳ್ಳಿಗೆ ಹೋದರು. ಹೋಗಲಿ.

ಸಹರಿಯದೂ ಹಾಗೆಯೇ ಬದಲಾಯಿತು. ರೊಟ್ಟಿ ಬಡಿಯುವ ಸಪ್ಪಳಕ್ಕೆ ಇವರಿಗೆ ಎಚ್ಚರವಾಗುತ್ತದೆ. ಎಚ್ಚರವಾದರೆ ಎದ್ದು ಕೂರುತ್ತಾರೆ, ಕೂತರೆ ಮಶೀನು ಕಾಣುತ್ತದೆ. ಅದಕ್ಕೆ ಹಿಂದಿನ ದಿನವೇ ಖಡಕ್ ರೊಟ್ಟಿ ಮಾಡಿ ಇಡುತ್ತೇನೆ. ನಾನೂ ಅತ್ತೆಯೂ ಕಳ್ಳರಂತೆ ಕೈಸನ್ನೆಯಲ್ಲಿ ಸಹರಿ ಉಣ್ಣುತ್ತೇವೆ. ಮಂದಿಯನ್ನು ಎಬ್ಬಿಸಲು ಓಣಿ ಓಣಿಗೆ ಕೂಗುತ್ತ ಬರುವ ಗಂಡಸನ್ನು ಅತ್ತೆ ಹಗಲಲ್ಲೇ ಹಿಡಿದು, "ನಮ್ಮ ಮನಿ ಮುಂದ ಬಾಯಿ ಮುಚಗೊಂಡು ಹೋಗು. ನಾವು ಎದ್ದಿರ್ತೀವಿ, ನಮ್ಮನ್ನ ಎಬ್ಬಸಾಕ ನೀ ಬ್ಯಾಡ," ಅಂದಿದ್ದಾರೆ. ಆತ ನಮ್ಮ ಮನೆ ಬಂದ ಕೂಡಲೇ ತುದಿಗಾಲಲ್ಲಿ ನಡೆಯುತ್ತಾನೆ.

ಇನ್ನು ಇವತ್ತಿನದು. ಹಬ್ಬಕ್ಕೆ ಎರಡೋ ಮೂರೋ ದಿನ ಇದೆ, ಚಂದ್ರ ಕಾಣುವುದರ ಮೇಲೆ ಹೋಗುತ್ತದೆ. ಒಪ್ಪಿದ ಕೆಲಸವೆಲ್ಲ ಮುಗಿಯುತ್ತ ಬಂದಿತ್ತು. ಹೊತ್ತು ಏರಿದ ಮೇಲೆ ಬೀಗರು ಬಂದರು, ಮಗಳ ಮಾವ, ಅಣ್ಣಿಗೇರಿಯಿಂದ. ಬಗಲಲ್ಲಿ ದೊಡ್ಡ ಗಂಟು. ಅವರ ಟೇಲರ್ ಕೈ ಮುರಿದುಕೊಂಡು ಕೂತಿದ್ದಾನಂತೆ, ಮನೆಯ ಗಂಡಸರೆಲ್ಲರ ಜುಬ್ಬಾ ಬಟ್ಟೆ ಹಾಗೇ ಉಳಿದಿದೆ. "ಬೀಗರು ಟೇಲರ್ ಇದ್ದೂ ನಾವು ಹಳೇದು ಹಾಕ್ಕೊಂಡು ನಮಾಜಿಗೆ ಹೋದ್ರ ಮಂದಿ ಏನಂದಾರು?" ಎಂದು ನಕ್ಕರು.

ಇವರು ಗಂಟು ಬಿಚ್ಚಿದರು. ಒಳ್ಳೆಯ ಬಟ್ಟೆ. ಬೆರಳಲ್ಲಿ ಹಿಡಿದು ನೋಡಿದರು, ಬೆಳಕಿಗೆ ಹಿಡಿದು ನೋಡಿದರು, ಮುಖ ಅರಳಿತು. "ಆಗತೈತ್ರಿ! ನಾಳೆ ಸಂಜಿಗೆ ಒಯ್ರಿ. ಕಾಲರಿಗೆ ಕಸೂತಿ ಒಂದು ಹೊಸ ನಮೂನಿ ಹಾಕ್ತೀನಿ. ಇಡೀ ಅಣ್ಣಿಗೇರಿ ತಿರುಗಿ ನೋಡಬೇಕು."

ಅಷ್ಟು ಜುಬ್ಬಾ ನಾಳೆ ಸಂಜೆಗೆ ಅಂದರೆ ಎಷ್ಟು ಹಗಲು ಬೇಕು, ಎಷ್ಟು ರಾತ್ರಿ ಬೇಕು ಅನ್ನುವುದು ನನಗೆ ಗೊತ್ತು. ಪರದೆ ಸರಿಸಿ ಹೊರಗೆ ಬಂದೆ.

"ಆಗೂದಿಲ್ರಿ ಬೀಗರ," ಅಂದೆ.

ಬೀಗರು ನನ್ನ ಮುಖ ನೋಡಿದರು, ಇವರ ಮುಖ ನೋಡಿದರು. ಬೀಗರ ಎದುರಿಗೆ ಗಂಡನ ಮಾತಿಗೆ ಅಡ್ಡ ಬಂದ ಹೆಂಗಸು ನಮ್ಮ ಕಡೆ ಬಹಳ ದಿನ ಮಾತಿಗೆ ಸಿಗುತ್ತಾಳೆ. ಇವರು ಟೇಪನ್ನು ಕೊರಳಿಂದ ತೆಗೆದು ಮೇಜಿನ ಮೇಲೆ ಒಗೆದರು. "ಒಂದು ಮಿನಿಟ್ ಕುಂದರ್ರಿ ಬೀಗರ," ಎಂದು ಒಳಗೆ ಬಂದರು, ನಾನೂ ಬಂದೆ.

"ನನ್ನ ಮರ್ಯಾದಿ ಇಟ್ಟಿ ಏನು ಈಗ?"

"ರಾತ್ರಿ ಹೊಲಿಯೂದಿಲ್ಲ ಅಂತ ಮಾತಾಗೈತಿ."

"ಬೀಗರಿಗೂ ಅದ ಏನು? ಮಗಳ ಮನಿ ಅದು. ಖುಷಿಯಿಂದ ಒಂದು ಕೆಲಸ ಒಪ್ಪಿದ್ರ ಹೆದರ್ತಿ. ನಕ್ಕರ ಹೆದರ್ತಿ. ಹಾಡಂದ್ರ ಒಳಗಿಂದ ಹಣಿಕಿ ಹಾಕ್ತಿ. ನಾ ನಗೂದಕ್ಕೂ ಡಾಕ್ಟರ್ ಚೀಟಿ ತರಬೇಕೇನು?"

ಇವರು ಹೇಳಿದ್ದು ನಿಜ. ಮುಖ ಅರಳಿದಾಗ ನನ್ನ ಎದೆ ಮೊದಲು ಧಸಕ್ ಅನ್ನುತ್ತದೆ, ಸಂತೋಷ ಆಮೇಲೆ ಬರುತ್ತದೆ. ಒಳ್ಳೆಯ ಬಟ್ಟೆ ಕಂಡಾಗ ಯಾವ ಟೇಲರ್‌ನ ಕಣ್ಣು ಹೊಳೆಯುವುದಿಲ್ಲ? ಆ ಹೊಳಪೇ ಇದು, ಆ ಮೇಜಿನ ಮೇಲೆ ನಿಂತ ದಿನದ ಹೊಳಪೇ? ಕಣ್ಣು ನೋಡಿ ಹೇಳಲು ನನಗೆ ಇವತ್ತಿಗೂ ಬಂದಿಲ್ಲ.

"ನಗೂದು ನಗ್ರಿ," ಅಂದೆ. "ನನಗ ನಗಿ ಬ್ಯಾಡಂತಿಲ್ಲ. ರಾತ್ರಿ ಮಲಗೂದು ಒಂದು ಬೇಕು. ಮಲಗಿದ್ರ ಅದು ಖುಷಿ. ಮಲಗದಿದ್ರ ನಾಳೆ ನಾವು ಧಾರವಾಡದ ಬಸ್ಸಿನಾಗ ಇರ್ತೀವಿ, ಹಬ್ಬ ಇರಲಿ ಏನರೆ ಇರಲಿ. ಇಷ್ಟ ನನ್ನ ಲೆಕ್ಕ."

ಅತ್ತೆ ಶ್ಯಾವಿಗೆಯ ಹತ್ತಿರದಿಂದ ಅಂದರು: "ಅಕಿ ಅಂದದ್ದು ಖರೆ ಐತಿ ಬೇಟಾ. ಬೀಗರು ಒಂದಿನ ಸಿಟ್ಟಾದಾರು. ಬೀಗತನ ಹರೀತೈತೇನು ಒಂದು ಜುಬ್ಬಾಕ್ಕ?"

ಇವರು ಹಿತ್ತಲ ಬಾಗಿಲಲ್ಲಿ ನಿಂತರು. ಬೆನ್ನಷ್ಟೇ ನನಗೆ ಕಾಣುತ್ತಿತ್ತು. ನಾನೇ ಹೋಗಿ ಬೀಗರಿಗೆ ಏನಾದರೂ ನೆಪ ಹೇಳಿ ಕಳಿಸಬಹುದಿತ್ತು, ಕರೆಂಟಿಲ್ಲ, ಮಶೀನು ಕೆಟ್ಟಿದೆ ಅಂತ. ಹೋಗಲಿಲ್ಲ. ಮಾತ್ರೆಯನ್ನು ನಾನು ಕೈಯಲ್ಲಿಡಬಹುದು, ಶಟರನ್ನು ನಾನು ಎಳೆಯಬಹುದು. ಒಲ್ಲೆ ಅನ್ನುವುದು ಇವರ ಬಾಯಿಂದಲೇ ಬರಬೇಕು. ಇಲ್ಲದಿದ್ದರೆ ಇನ್ನೊಂದು ರಂಜಾನಿಗೆ ಇನ್ನೊಬ್ಬರು ಗಂಟು ತರುತ್ತಾರೆ.

ಸ್ವಲ್ಪ ಹೊತ್ತಿಗೆ ಇವರು ಮುಖಕ್ಕೆ ನೀರು ಹಾಕಿಕೊಂಡು ಹೊರಗೆ ಹೋದರು. ನಾನು ಪರದೆಯ ಹತ್ತಿರ ನಿಂತೆ.

"ಬೀಗರ, ತಪ್ಪು ತಿಳ್ಕೋಬ್ಯಾಡ್ರಿ. ನಾ ರಾತ್ರಿ ಹೊಲಿಯೂದಿಲ್ಲ. ನಿದ್ದಿ ಕೆಟ್ರ ನನ್ನ ಜಡ್ಡು ಏಳತೈತಿ. ನಿಮಗ ಗೊತ್ತಿದ್ದದ್ದ ಐತಿ, ಕೇಳಿರಲಿಕ್ಕಿಲ್ಲ ಅಷ್ಟ. ಹಗಲಿನಾಗ ಆಗೂದು ಒಂದು, ಭಾಳ ಅಂದ್ರ ಎರಡು."

ಇಷ್ಟು ವರ್ಷದಲ್ಲಿ ಇವರು ಮನೆಯ ಹೊರಗಿನವರಿಗೆ ತಾವಾಗಿ 'ನನ್ನ ಜಡ್ಡು' ಅಂದದ್ದು ನಾನು ಕೇಳಿದ್ದು ಇದೇ ಮೊದಲು.

ಬೀಗರು ಮೀಸೆ ತಿಕ್ಕಿಕೊಂಡರು. ಸ್ವಲ್ಪ ನೊಂದದ್ದು ಕಾಣುತ್ತಿತ್ತು. ಎದ್ದು ಗಂಟು ಕಟ್ಟತೊಡಗಿದವರು ನಡುವೆ ನಿಲ್ಲಿಸಿ ಒಂದು ತುಂಡನ್ನು ಮೇಜಿನ ಮೇಲೆ ಇಟ್ಟರು. "ನಂದೊಂದು ಹೊಲೀರಿ. ಆ ಹುಡುಗೂರಿಗೆ ರೆಡಿಮೇಡ ಬೇಕಾಗಿತ್ತು, ನಾನ ಜಬರದಸ್ತಿ ಅರಿವಿ ತಂದಿದ್ನಿ. ಈಗ ಕುಣಕೋತ ಹುಬ್ಬಳ್ಳಿಗೆ ಹೋಗ್ತಾವ ಸೂಳೇಮಕ್ಕಳು." ಬಾಗಿಲ ತನಕ ಹೋಗಿ ತಿರುಗಿದರು. "ನಮ್ಮ ತಮ್ಮಗೂ ಹಿಂಗ ಒಂದಿಷ್ಟು ಐತ್ರಿ. ಹಬ್ಬ ಆದಮ್ಯಾಲೆ ಬರ್ತೀನಿ. ಆ ಡಾಕ್ಟರದು ಕೇಳೂದೈತಿ."

ಅವರು ಹೋದ ಮೇಲೆಯೂ ಇವರ ಹುರುಪು ಇಳಿಯಲಿಲ್ಲ. ಬೀಗರ ಜುಬ್ಬಾ ಆಗಲೇ ಕತ್ತರಿಸಿದರು. ಮಾತು ಜಾಸ್ತಿಯಾಗಿತ್ತು, ಹಾಡೂ ಇತ್ತು. ಅಕ್ಕಾರು ಬ್ಲೌಸು ಒಯ್ಯಲು ಬಂದವರು, "ಏನಪಾ ಮಾಸ್ತರ, ಭಾರಿ ಖುಷಿ?" ಅಂದದ್ದಕ್ಕೆ, "ಖುಷಿನೋ ಜಡ್ಡೋ ರಾತ್ರಿಗೆ ಗೊತ್ತಾಗತೈತ್ರಿ ಅಕ್ಕಾರ, ನಮ್ಮ ಮನ್ಯಾಗ ಪರೀಕ್ಷಾ ಇಟ್ಟಾರ," ಅಂದರು. ಅಕ್ಕಾರು ನಕ್ಕರು. ನನಗೆ ನಗು ಬರಲಿಲ್ಲ. ಬಸ್ಸಿಗೆಂದು ಒಂದು ಚೀಲದಲ್ಲಿ ಇವರ ಬಟ್ಟೆ, ಆಸ್ಪತ್ರೆಯ ಚೀಟಿ, ಟವೆಲ್ಲು ಇಟ್ಟು ಟ್ರಂಕಿನ ಹಿಂದೆ ಸರಿಸಿದೆ.

ಬಿಸಿಲು ಇಳಿಯಿತು. ಕಾಲರ್ ಅರ್ಧ ಆಗಿತ್ತು, ಇವರ ಕಾಲು ಮಶೀನಿನ ಮೇಲಿತ್ತು. "ಇದೊಂದು ಗೆರಿ," ಅಂದರು. ನಾನು ಶಟರಿನ ಕೊಕ್ಕೆ ಹಿಡಿದು ನಿಂತೆ. ಆ ಗೆರೆ ಮುಗಿಯಿತು. ಇನ್ನೊಂದು ಹಿಡಿಯಲು ಕೈ ಹೋಯಿತು, ತಾನೇ ಹಿಂದಕ್ಕೆ ಬಂತು. ಸೂಜಿ ಮೇಲೆತ್ತಿ, ಬಟ್ಟೆ ಮಡಚಿ, ಮಶೀನಿಗೆ ಹೊದಿಕೆ ಹಾಕಿ ಎದ್ದರು. "ಎಳಿ," ಅಂದರು. ಎಳೆದೆ.

ಇಫ್ತಾರಿಗೆ ಖರ್ಜೂರ, ಕಲ್ಲಂಗಡಿ, ಚುರಮರಿ, ಮೆಣಸಿನಕಾಯಿ ಭಜಿ. ನಾವು ರೋಜಾ ಬಿಟ್ಟೆವು, ಇವರು ಜೊತೆಗೆ ಕೂತು ತಿಂದರು. ಸಂಜೆಯ ಮಗ್ರಿಬ್ ನಮಾಜು ಆದ ಮೇಲೆ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಮೊಸರು; ಕೊನೆಗೆ ಅನ್ನ ಬೇಳೆಸಾರು. ಇವರು ರೊಟ್ಟಿ ಎರಡು ಸಲ 'ಹಾಕು' ಅಂದರು. ರಾತ್ರಿಯ ಮಾತ್ರೆ ನುಂಗಿದರು, ಅತ್ತೆಯ ತಂಬಿಗೆಯನ್ನು ಬರಿದು ಮಾಡಿದರು, ಮನೆಯಲ್ಲೇ ಇಶಾ ನಮಾಜು ಮುಗಿಸಿ ಅಡ್ಡಾದರು. ಸ್ವಲ್ಪ ಹೊತ್ತು ಕತ್ತಲಲ್ಲಿ ಕಾಲರಿನ ನಮೂನೆಯ ಮಾತು ಬಂತು. ನಡುವೆ ಒಂದು ಮಾತು ಪೂರ್ತಿಯಾಗಲಿಲ್ಲ. ನಾನು ಕಾಯ್ದೆ. ಗೊರಕೆ ಕೇಳಿತು. ಅತ್ತೆ ತಸಬಿ ಮಣಿ ಎಣಿಸುತ್ತಿದ್ದರು, ಹೊರಗೆ ಓಣಿಯಲ್ಲಿ ಮಂದಿ ಇನ್ನೂ ಮಾತಾಡುತ್ತಿದ್ದರು, ನಾನು ನಾಳಿನ ಸಹರಿಗೆ ಹಾಲು ಕಾಯಿಸುತ್ತಿದ್ದೆ. ನಮ್ಮ ಮನೆಯಲ್ಲಿ ಎಲ್ಲರಿಗಿಂತ ಮೊದಲು ಇವರೇ ಮಲಗಿದರು.